ದಫ್ತರ ಸುಟ್ಟವನ ಉತ್ಸವ

ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದಂಗೆ ಎದ್ದ ಸಂಗೊಳ್ಳಿ ರಾಯಣ್ಣನ ಹೆಸರಿನ ಸಂಗೊಳ್ಳಿ ಉತ್ಸವದ ಆಮಂತ್ರಣ ಪತ್ರಿಕೆಯನ್ನು ಯಾರೋ ನಮ್ಮ ಓಣಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಕಾಕಾ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದರು. ಮೊದಲು ಮಂತ್ರಿಗಳು, ಆಮೇಲೆ ಶಾಸಕರು, ಆಮೇಲೆ ಅಧಿಕಾರಿಗಳ ಉದ್ದ ಸಾಲು. ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್. ಅಷ್ಟೂ ಓದಿ ಮುಗಿಸಿ, ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಅಲ್ಲೋ ತಮ್ಮಾ, ಅಂವ ಸುಟ್ಟಿದ್ದು ಇವರ ಆಫೀಸು ಅಲ್ಲೇನು?"

ನಾನು ನಕ್ಕೆ. ಕಾಕಾ ನಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ಆ ಹೊತ್ತಿಗೆ ನಾವಿಬ್ಬರೂ ಒಂದು ಕಚೇರಿಗೆ ಏಳು ಸಲ ಹೋಗಿ ಬಂದಿದ್ದೆವು. ಯಾವ ಕಚೇರಿ ಅನ್ನೋದು ಬೇಡ, ಎಲ್ಲಾ ಕಡೆ ಅದೇ ಬೆಂಚು, ಅದೇ ಫ್ಯಾನು. ನಮ್ಮ ಹೊಲ ನಾಲ್ಕು ಎಕರೆ ಹನ್ನೊಂದು ಗುಂಟೆ, ಅಜ್ಜನ ಹೆಸರಿನಲ್ಲೇ ಇದೆ. ಅಜ್ಜನ ಹೆಸರನ್ನು ಇಲ್ಲಿ ಬರೆಯೋದಿಲ್ಲ, ಕಾಕಾಗೆ ಅದು ಸೇರಲಿಕ್ಕಿಲ್ಲ. ಆ ಹೆಸರಿನ ನಡುವೆ ಒಂದು 'ಯ' ಬರುತ್ತದೆ ಅಂತ ಮಾತ್ರ ಗೊತ್ತಿದ್ದರೆ ಸಾಕು. ಕೈಬರಹದ ಉತಾರಗಳನ್ನು, ಅಂದರೆ ಪಹಣಿಗಳನ್ನು, ಕಂಪ್ಯೂಟರಿಗೆ ಏರಿಸುವಾಗ ಯಾರೋ ಆ 'ಯ'ವನ್ನು 'ಮ' ಅಂತ ಓದಿಬಿಟ್ಟಿದ್ದಾರೆ. ತಪ್ಪು ಅಂತ ಬೈಯಲೂ ಮನಸ್ಸು ಬರೋದಿಲ್ಲ. ಅವಸರದ ಕೈಬರಹದಲ್ಲಿ ಯ ಮತ್ತು ಮ ಅವಳಿ ಮಕ್ಕಳ ಹಾಗೆ, ಹೆತ್ತವ್ವನೇ ಗುರುತು ಹಿಡಿಯಬೇಕು. ಆದರೆ ಆ ಒಂದು ಅಕ್ಷರದಿಂದ ಅಜ್ಜ ಬೇರೆಯವರಾಗಿಬಿಟ್ಟರು. ಮರಣ ಪ್ರಮಾಣಪತ್ರದಲ್ಲಿ ಯ, ಉತಾರದಲ್ಲಿ ಮ. ವಾರಸಾ ಮಾಡಿಸೋಕೆ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ ಹೋದರೆ, "ಸತ್ತವರು ಒಬ್ಬರು, ಹೊಲದ ಮಾಲೀಕರು ಇನ್ನೊಬ್ಬರು" ಅನ್ನುವ ಉತ್ತರ.

ಹೀಗಿರುವಾಗ ಕಚೇರಿ ಸುಟ್ಟವನ ಉತ್ಸವ ಅಂದರೆ ಬಿಡೋದುಂಟಾ? ಜನವರಿ 12ರ ಮಧ್ಯಾಹ್ನ ಬೈಕ್ ಹತ್ತಿದೆವು. ಕಾಕಾ ಹಿಂದೆ. ಕಿವಿ ಮುಚ್ಚುವ ಟೋಪಿ, ಅದರ ಮೇಲೆ ಹೆಲ್ಮೆಟ್, ಮೈಮೇಲೆ ಶಾಲು.

ಧಾರವಾಡದಿಂದ ಗರಗದ ಮೇಲೆ ಹಾದು ಹೋದೆವು. ಗರಗ ಅಂದರೆ ರಾಷ್ಟ್ರಧ್ವಜದ ಖಾದಿ ನೇಯುವ ಊರು, ಮಡಿವಾಳೇಶ್ವರ ಮಠದ ಊರು. ಜನವರಿಯಲ್ಲಿ ಆ ಕಡೆಯ ಎರೆ ಹೊಲ ನೋಡಬೇಕು. ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ, ಪಕ್ಕದಲ್ಲಿ ಕಡಲೆ, ಅದರಾಚೆ ಗೋಧಿ. ರಸ್ತೆ ಬದಿಯಲ್ಲಿ ಹೆಣ್ಣುಮಕ್ಕಳು ಕಡಲೆ ಸುಲಗಾಯಿ ಕಟ್ಟು ಹಿಡಿದು ಕೂತಿರುತ್ತಾರೆ. ಕಾಕಾ ಎರಡು ಕಟ್ಟು ತೆಗೆದುಕೊಂಡು ಹಿಂದೆ ಕೂತೇ ಸುಲಿದು ತಿನ್ನುತ್ತಾ ಬಂದರು, ಸಿಪ್ಪೆ ಗಾಳಿಗೆ ಹಾರಿ ಹಿಂದಿನ ಬೈಕಿನವರಿಗೆ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದಕ್ಕೆ ಎರಡು ಟ್ರೇಲರ್, ಹಿಂದೆ ಲೈಟಿಲ್ಲ, ಹಾಡಿನ ಸೌಂಡು ಮಾತ್ರ ಮೈಲಿ ದೂರಕ್ಕೆ ಕೇಳುತ್ತದೆ. ಒಂದನ್ನು ದಾಟೋದರಲ್ಲಿ ಎರಡು ಹಾಡು ಮುಗಿಯುತ್ತವೆ.

ಸಂಗೊಳ್ಳಿ ಮಲಪ್ರಭೆಯ ದಂಡೆಯ ಊರು, ಬೈಲಹೊಂಗಲ ತಾಲೂಕು, ಬೆಳಗಾವಿ ಜಿಲ್ಲೆ. ಆದರೆ ರಾಯಣ್ಣನ ಕಾಲಕ್ಕೆ ಬೆಳಗಾವಿ ಅನ್ನೋ ಜಿಲ್ಲೆ ಬೇರೆ ಇರಲಿಲ್ಲ. ಅದು ಬೇರೆಯಾದದ್ದು 1836ರಲ್ಲಿ. ಅದಕ್ಕೂ ಮುಂಚೆ ಈ ಸೀಮೆಯೆಲ್ಲಾ ಧಾರವಾಡದ ಕಲೆಕ್ಟರಿನ ಕೆಳಗೆ. ಹಾಗಾಗಿ ಅವನನ್ನು ದಂಗೆಕೋರ ಅಂತ ಬರೆದ ಕಾಗದಗಳು ಓಡಾಡಿದ್ದು ನಮ್ಮ ಊರಿಗೇ.

ಊರೊಳಗೆ ಬೈಕ್ ಹೋಗಲಿಲ್ಲ, ಅಷ್ಟು ಜನ. ಯಾರದೋ ಕಣದಲ್ಲಿ ನಿಲ್ಲಿಸಿ ನಡೆದೆವು. ಮೆರವಣಿಗೆ ಬರುತ್ತಿತ್ತು. ಮುಂದೆ ಕುಂಭ ಹೊತ್ತ ಹೆಣ್ಣುಮಕ್ಕಳು, ಹಿಂದೆ ಡೊಳ್ಳು, ಅದರ ಹಿಂದೆ ಕರಡಿ ಮಜಲು, ಕೊನೆಗೆ ಜಗ್ಗಲಿಗೆ. ಜಗ್ಗಲಿಗೆ ಸದ್ದು ಕೇಳಿದವರಿಗೆ ಗೊತ್ತು, ಅದು ಕಿವಿಗೆ ಬರೋದಿಲ್ಲ, ನೇರ ಎದೆಗೇ ಬರುತ್ತದೆ. ಮಕ್ಕಳೆಲ್ಲಾ ರಾಯಣ್ಣ ಆಗಿದ್ದರು. ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿದ ಕತ್ತಿ, ಅವ್ವನ ಸೀರೆಯ ರುಮಾಲು, ಕಾಡಿಗೆಯ ಮೀಸೆ. ನನ್ನ ಪಕ್ಕದಲ್ಲೇ ಅಪ್ಪನ ಹೆಗಲ ಮೇಲೆ ಐದಾರು ವರ್ಷದ ಒಬ್ಬ ರಾಯಣ್ಣ ಕೂತಿದ್ದ. ಕಬ್ಬಿನ ಹಾಲು ಕುಡಿಯಬೇಕು, ಮೀಸೆ ಅಳಿಸಬಾರದು. ಸ್ಟ್ರಾ ತುಟಿಯ ಒಂದು ಮೂಲೆಗೆ ಇಟ್ಟುಕೊಂಡು, ಕಣ್ಣು ಮೆಳ್ಳಗೆ ಮಾಡಿ ತನ್ನ ಮೀಸೆಯನ್ನೇ ನೋಡುತ್ತಾ ಹೀರುತ್ತಿದ್ದ. ಅರ್ಧ ಗ್ಲಾಸಿಗೆ ಕತ್ತಿ ಕೆಳಗೆ ಬಿತ್ತು. ಎತ್ತಿಕೊಡಲು ಹೋದ ಕಾಕಾಗೆ ಅಪ್ಪಣೆ ಮಾಡಿದ: "ಏ ಮುತ್ಯಾ, ಹಂಗ ಅಲ್ಲ, ಹಿಡಿ ಕಡಿಯಿಂದ ಕೊಡು."

ಇನ್ನೊಂದು ಕಡೆ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ. ರಾಯಣ್ಣ ಸಾಮು ಮಾಡುವಾಗ ಎತ್ತುತ್ತಿದ್ದ ಗುಂಡು ಅಂತ ಈ ಊರಿನವರು ತೋರಿಸುತ್ತಾರೆ, ಅದನ್ನು ನೋಡಿ ಬಂದ ಹುಡುಗರಿಗೆ ಹುರುಪು ಜಾಸ್ತಿ. ಸೊಂಟಕ್ಕೆ ಟವೆಲ್ ಬಿಗಿದು ಮಣ್ಣು ತಿಕ್ಕಿಕೊಂಡು ಬರುತ್ತಿದ್ದರು. ಕಲ್ಲು ಮೊಣಕಾಲಿಗೆ ಬರುವವರೆಗೂ ಜನ ಸುಮ್ಮನಿರುತ್ತಾರೆ. ಎದೆಗೆ ಬಂತು ಅಂದರೆ ಹೋ ಅಂತ ಶುರು. ಕೈ ಜಾರಿದವರಿಗೆ ಯಾರೂ ನಗಲಿಲ್ಲ, ಅದು ನನಗೆ ಇಷ್ಟ ಆಯಿತು.

ಆಮೇಲೆ ಸರಕಾರಿ ಮಳಿಗೆಗಳ ಸಾಲು. ಎಲ್ಲಾ ಉತ್ಸವದಲ್ಲೂ ಇರುತ್ತವಲ್ಲ. ಒಂದು ಕಡೆ ಬಿತ್ತನೆ ಬೀಜ, ಇನ್ನೊಂದು ಕಡೆ ಬಿ.ಪಿ. ತಪಾಸಣೆ. ಒಂದು ಬೋರ್ಡಿನ ಮುಂದೆ ಕಾಕಾ ನಿಂತರು. ಉತಾರಕ್ಕೆ ಆಧಾರ್ ಜೋಡಿಸಿಕೊಳ್ಳಿ ಅಂತ ಇತ್ತು. ಅಲ್ಲಿದ್ದ ಹುಡುಗನಿಗೆ ನಮ್ಮ ಯ-ಮ ಕಥೆಯನ್ನು ಮೊದಲಿಂದ ಕೊನೆವರೆಗೂ ಹೇಳಿದರು. ಹುಡುಗ ಒಳ್ಳೆಯವನು, ಪೂರ್ತಿ ಕೇಳಿದ. ಕೇಳಿ, "ಮೊದಲ ಹೆಸರು ಸರಿ ಮಾಡಿಸ್ಕೊಂಡ್ ಬರ್‍ರಿ ಅಜ್ಜಾರ, ಆಮ್ಯಾಲೆ ಇದು" ಅಂದ. ಕಾಕಾ ತಲೆಯಾಡಿಸಿ ಅವನಿಗೂ ಒಂದು ಹಿಡಿ ಸುಲಗಾಯಿ ಕೊಟ್ಟು ಬಂದರು.

ರಾಯಣ್ಣನ ಕಥೆ ಶಾಲೆಯಲ್ಲಿ ಓದಿದವರಿಗೆ ಕತ್ತಿ, ಕುದುರೆ, ಕಾಡು ಜಾಸ್ತಿ ನೆನಪಿರುತ್ತದೆ. ನನಗೂ ಹಾಗೇ ಇತ್ತು. ಈ ಸಲ ಮಾತ್ರ, ಏಳು ಸಲ ಕಚೇರಿ ತಿರುಗಿದ ಮೇಲೆ, ಬೇರೆಯೇ ಕಂಡಿತು. ಅದು ಹೊಲದ ಕಥೆ. ಕಾಗದದ ಕಥೆ.

ಅವನು ಕಿತ್ತೂರು ಸಂಸ್ಥಾನದ ಶೇತಸನದಿ. ಹಾಗೆಂದರೆ ಊರು ಕಾಯುವ, ಕರೆದಾಗ ದಂಡಿಗೆ ಹೋಗುವ ಕೆಲಸ. ಅದಕ್ಕೆ ಸಂಬಳ ಇಲ್ಲ, ಉಂಬಳಿಯಾಗಿ ಹೊಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿಯವರು ದೊಡ್ಡ ದಂಡು ತಂದು ಕೋಟೆ ತೆಗೆದುಕೊಂಡರು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು, ಅಲ್ಲೇ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಇಷ್ಟೆಲ್ಲಾ ನಮಗೆ ಬಾಯಿಪಾಠ. ಆದರೆ ಕೋಟೆ ಬಿದ್ದ ಮೇಲೆ ಊರೂರಿನಲ್ಲಿ ಏನಾಯಿತು ಅನ್ನೋದು ಭಾಷಣದಲ್ಲಿ ಬರೋದು ಕಡಿಮೆ. ಹೊಸ ಸರಕಾರ ಶೇತಸನದಿಗಳ ಹೊಲದ ಲೆಕ್ಕ ತೆಗೆಯಿತು. ರಾಯಣ್ಣನ ಹೊಲದ ಹೆಚ್ಚಿನ ಭಾಗ ಹೋಯಿತು. ಉಳಿದದ್ದರ ಮೇಲೆ ಕಂದಾಯ ಏರಿತು. ನಿನ್ನೆವರೆಗೆ ಸಂಬಳವಾಗಿದ್ದ ಹೊಲ ಇವತ್ತು ಸಾಲವಾಯಿತು. ಹೊಲ ಅದೇ, ದಫ್ತರದಲ್ಲಿ ಬರೆದದ್ದು ಮಾತ್ರ ಬೇರೆ.

ಲಾವಣಿಯಲ್ಲಿ, ನಾಟಕದಲ್ಲಿ ಇದೇ ಮಾತು ಬೇರೆ ರೀತಿ ಬರುತ್ತದೆ. ರಾಯಣ್ಣ ಊರಲ್ಲಿಲ್ಲದಾಗ ಊರಿನ ಲೆಕ್ಕ ಬರೆಯುವ ಕುಲಕರ್ಣಿ ಕಂದಾಯ ಬಾಕಿ ಅಂತ ಅವನ ತಾಯಿ ಕೆಂಚವ್ವನನ್ನು ಚಾವಡಿಗೆ ಕರೆಸುತ್ತಾನೆ. ಬೆನ್ನಿನ ಮೇಲೆ ಕಲ್ಲು ಹೊರಿಸಿ ಬಿಸಿಲಿಗೆ ನಿಲ್ಲಿಸುತ್ತಾನೆ. ಮಗ ಬಂದು ನೋಡುತ್ತಾನೆ. ನಮ್ಮ ಕಡೆ ಈ ಭಾಗ ಬಂದರೆ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಗಂಡಸರು ಗಂಟಲು ಕೆರೆದುಕೊಂಡು ಬೀಡಿಗೆ ಎದ್ದು ಹೋಗುತ್ತಾರೆ.

1830ರ ಜನವರಿಯಲ್ಲಿ ರಾಯಣ್ಣನ ದಂಡು ಬೀಡಿ ಅನ್ನೋ ಊರಿನ ಕಚೇರಿಗೆ ಬೆಂಕಿ ಇಟ್ಟಿತು. ಆಮೇಲೆ ನಂದಗಡ, ಖಾನಾಪುರ, ಸಂಪಗಾವಿ ಕಡೆಯೆಲ್ಲಾ ಇದೇ ಸುದ್ದಿ. ಖಜಾನೆ ಲೂಟಿ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ದಫ್ತರ ಸುಟ್ಟದ್ದರ ಮೇಲೆ ನನ್ನ ಕಣ್ಣು. ಬರೀ ಲೂಟಿಕೋರನಿಗೆ ಕಾಗದದ ಮೇಲೆ ಯಾಕೆ ಸಿಟ್ಟು? ರೊಕ್ಕ ತಗೊಂಡು ಓಡಬಹುದಿತ್ತು. ನಿಂತು, ಗಂಟು ಬಿಚ್ಚಿ, ಸುಡೋಕೆ ಹೊತ್ತು ಬೇಕು. ಊರಿನ ಚಾಕರಿ ಮಾಡಿದವನು, ಚಾವಡಿ ಕಟ್ಟೆ ಮೇಲೆ ಕೂತು ಎದ್ದವನು. ಯಾವ ಗಂಟಿನಲ್ಲಿ ಯಾರ ಹೊಲ ಇದೆ ಅಂತ ಅವನಿಗೆ ಗೊತ್ತಿರಲೇಬೇಕು ಅನ್ನೋದು ನನ್ನ ಲೆಕ್ಕ.

ಸಂಜೆ ವೇದಿಕೆಯ ಭಾಷಣ ಶುರುವಾಯಿತು. ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಅಂತ ಐದು ಜನರಲ್ಲಿ ಮೂವರು ಹೇಳಿದರು, ಕಾಕಾ ಬೆರಳು ಮಡಚಿ ಎಣಿಸುತ್ತಿದ್ದರು. ಮೂರನೆಯವರಿಗೂ ಚಪ್ಪಾಳೆ ಬಿತ್ತು, ಅದು ಹಾಗೇ, ಕೇಳಿದಾಗಲೆಲ್ಲಾ ರೋಮ ಏಳುತ್ತದೆ. ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅವನ ಹೆಸರು ಇಟ್ಟಿರುವ ವಿಷಯವೂ ಬಂತು. ನಿಜ, ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದ ನಮ್ಮ ಹುಡುಗರು ಬೆಳಿಗ್ಗೆ ಇಳಿಯೋದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲೇ. ಆದರೆ ಅದು ಬಾಯಲ್ಲಿ ಕೆಎಸ್‌ಆರ್ ಆಗಿದೆ, ಎಷ್ಟೋ ಜನ ಅದನ್ನು ಬಸ್ಸಿನ ಕಂಪನಿ ಅಂದುಕೊಂಡಿದ್ದಾರೆ. ಟಿಕೆಟ್ ಮೇಲಿನ ಕೋಡ್ ಇನ್ನೂ ಹಳೇ ಎಸ್‌ಬಿಸಿ. ಹೆಸರು ಬದಲಿಸೋದು ಸುಲಭ, ರಿಕಾರ್ಡು ಬದಲಾಗೋದು ಕಷ್ಟ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ!

ಯಾರೂ ಹೇಳದ ಒಂದು ಮಾತನ್ನು ನಾನೇ ಹೇಳಿಬಿಡುತ್ತೇನೆ, ಧಾರವಾಡದವನಾಗಿ. ರಾಯಣ್ಣ ಹುಟ್ಟಿದ್ದು ಸಂಗೊಳ್ಳಿಯಲ್ಲಿ, ಗಲ್ಲಿಗೇರಿದ್ದು ನಂದಗಡದಲ್ಲಿ. ಎರಡೂ ಬೆಳಗಾವಿ ಜಿಲ್ಲೆ. ಆದರೆ ಸಿಕ್ಕಿಬಿದ್ದದ್ದು ನಮ್ಮಲ್ಲಿ. 1830ರ ಏಪ್ರಿಲ್‌ನಲ್ಲಿ ಡೋರಿ-ಬೆಣಚಿ ಹಳ್ಳದಲ್ಲಿ ಸ್ನಾನ ಮಾಡುವಾಗ ಹಿಡಿದರು. ನಂಬಿದ ಗೌಡರ ಕಡೆಯವರೇ ಹಿಡಿದುಕೊಟ್ಟರು. ಡೋರಿಯೂ ಬೆಣಚಿಯೂ ಅಳ್ನಾವರ ಹತ್ತಿರ, ಧಾರವಾಡ ಜಿಲ್ಲೆ. ಅಲ್ಲಿಗೆ ನಾವು ಹೋಗೋದು ಕಡಿಮೆ. ನಂದಗಡದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಹರಕೆಯ ತೊಟ್ಟಿಲು ಕಟ್ಟುತ್ತಾರೆ, ಅವನನ್ನು ಹೂತ ಜಾಗದಲ್ಲಿ ಜೊತೆಗಾರನೇ ನೆಟ್ಟ ಸಸಿ ಅದು ಅನ್ನುವ ನಂಬಿಕೆ ಇದೆ. ಸತ್ತ ಜಾಗ ಗುಡಿ ಆಯಿತು. ಹಿಡಿದುಕೊಟ್ಟ ಜಾಗ ಹಳ್ಳವಾಗಿಯೇ ಉಳಿಯಿತು.

ಅವನೊಬ್ಬನೇ ಅಲ್ಲ, ನಮ್ಮ ಸೀಮೆಯ ಪುಂಡರ ಪಟ್ಟಿ ತೆಗೆದರೆ ಎಲ್ಲರೂ ಕಾಗದಕ್ಕೇ, ಖಜಾನೆಗೇ ಗಂಟುಬಿದ್ದವರು. 1857ರಲ್ಲಿ ಹಲಗಲಿಯ ಬೇಡರಿಗೆ ಹೇಳಿದ್ದು, ಮನೆಯಲ್ಲಿರುವ ಕತ್ತಿ-ಬಂದೂಕು ತಂದು ನೋಂದಣಿ ಮಾಡಿಸಿ ಅಂತ. ಅವರು ಒಲ್ಲೆ ಅಂದರು. 19 ಜನರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಿಗೆ ಹಾಕಿದರು. ಮರುವರ್ಷ ಗದಗ ಸೀಮೆಯ ಮುಂಡರಗಿ ಭೀಮರಾವ್ ಡಂಬಳದ ಖಜಾನೆ ಹೊಡೆದ. ಅವನು ಸ್ವತಃ ಮೊದಲು ಕಂಪನಿಯ ಮಾಮಲೇದಾರನಾಗಿದ್ದವನು, ಅಂದರೆ ಈಗಿನ ತಹಶೀಲ್ದಾರ್! ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಸತ್ತ. ನರಗುಂದದ ಬಾಬಾಸಾಹೇಬರದು ದತ್ತಕದ ತಂಟೆ. ಮಗನನ್ನು ದತ್ತು ತಗೊಳ್ಳೋಕೂ ಕಂಪನಿಯ ಕಾಗದ ಬೇಕು, ಅದು ಬರಲಿಲ್ಲ. ಅವರನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹಾವೇರಿ ಕಡೆಗೆ ಬಂದರೆ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಗಾಂಧೀಜಿ ಜೊತೆ ದಂಡಿಗೆ ನಡೆದು ಹೋದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಸತ್ತರು. ಅಲ್ಲಿನ ವೀರಭದ್ರ ದೇವರ ಗುಡಿಯಲ್ಲಿ ವಸೂಲಿ ಮಾಡಿದ ಕಂದಾಯದ ಹಣ ಇಟ್ಟಿದ್ದರು, ಅದರ ಮೇಲೆ ದಾಳಿಗೆ ಹೋಗಿದ್ದರು. ಜೊತೆಗೆ ಇನ್ನಿಬ್ಬರು ಸತ್ತರು. ಎಲ್ಲರಿಗೂ ಈಗ ಪ್ರತಿಮೆ ಇದೆ, ಸರ್ಕಲ್ ಇದೆ, ಜಯಂತಿ ಇದೆ.

ಭಾಷಣ ಮುಗಿದು ಹಾಡಿನವರು ಬರುವ ನಡುವೆ ನಾವು ಭಜಿ ಅಂಗಡಿಗೆ ಹೋದೆವು. ಮಿರ್ಚಿ ಭಜಿ, ಚುರುಮುರಿ. ಕಾಕಾ ಸುಮ್ಮನಿದ್ದರು. ಖಾರಕ್ಕೆ ಅಂದುಕೊಂಡೆ. ಆಮೇಲೆ ತಾವಾಗಿಯೇ ಶುರು ಮಾಡಿದರು.

"ಎಂಬತ್ತರಾಗ ನಾ ನವಲಗುಂದದಾಗಿದ್ದೆ, ಗೊತ್ತೈತೇನು?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

1980ರ ನರಗುಂದ-ನವಲಗುಂದ ಬಂಡಾಯ ಈಗಿನವರಿಗೆ ಹೇಳಿ ತಿಳಿಸಬೇಕು. ಮಲಪ್ರಭೆಗೆ ಸವದತ್ತಿ ಹತ್ತಿರ ಅಣೆಕಟ್ಟು ಕಟ್ಟಿದರು. ಕಾಲುವೆ ತೋಡಿದರು. ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ, ನಿಮ್ಮ ಹೊಲದ ಬೆಲೆ ಏರಿದೆ ಅಂತ ಅಭಿವೃದ್ಧಿ ಕರ ಹಾಕಿದರು. ಬಾಕಿ ಏರುತ್ತಾ ಹೋಯಿತು. ಆ ವರ್ಷ ಜುಲೈ 21ರಂದು ಎರಡೂ ಊರಿನಲ್ಲಿ ರೈತರು ತಹಶೀಲ್ದಾರ್ ಕಚೇರಿಗೆ ಮುತ್ತಿಗೆ ಹಾಕಿದರು. ಗೋಲಿಬಾರ್ ಆಯಿತು. ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಸತ್ತರು.

ಕಾಕಾಗೆ ಆಗ 22 ವರ್ಷ. ಅತ್ತೆ ಮನೆಗೆ ಅಂತ ನವಲಗುಂದಕ್ಕೆ ಹೋಗಿದ್ದವರು, ಎಲ್ಲರೂ ಹೊರಟರು ಅಂತ ತಾವೂ ಹೊರಟರು. ಸುಮ್ನೆ ನೋಡೋಕೆ. ಗುಂಡಿನ ಸದ್ದಾದ ಮೇಲೆ ಎಲ್ಲರ ಹಾಗೆ ಓಡಿದರು. ಊರು ದಾಟಿ ಹೆಸರಿನ ಹೊಲದೊಳಗೆ. ಹೆಸರಿನ ಗಿಡ ಎಷ್ಟು ಎತ್ತರ ಇರುತ್ತದೆ? ಮೊಣಕಾಲಿಗೂ ಬರೋದಿಲ್ಲ. ಅದರೊಳಗೆ ಬೋರಲು ಬಿದ್ದು ಕತ್ತಲಾಗುವವರೆಗೂ ಮಲಗಿದ್ದರು. ಹೊಟ್ಟೆ ಕೆಳಗೆ ಹಸಿ ಎರೆಮಣ್ಣು. ಬಿಳಿ ಅಂಗಿ ಹಾಕಿದ್ದೆನಲ್ಲ, ದೂರದಿಂದ ಕಾಣುತ್ತದಲ್ಲ ಅನ್ನೋ ಒಂದೇ ಚಿಂತೆಯಂತೆ. ಮಲಗಿದಲ್ಲೇ ಮಣ್ಣು ತೆಗೆದು ತೆಗೆದು ಬೆನ್ನಿಗೆ ಬಳಿದುಕೊಂಡರಂತೆ. ಇದನ್ನು ಹೇಳುವಾಗ ಕಾಕಾ ಭಜಿಯ ಕಾಗದ ಹಿಡಿದ ಕೈಯನ್ನೇ ಬೆನ್ನ ಹಿಂದೆ ತಿರುಗಿಸಿ ತೋರಿಸಿದರು. ಎಪ್ಪತ್ತರ ಹತ್ತಿರದ ಕೈ, ಈಗ ಅಷ್ಟು ತಿರುಗೋದಿಲ್ಲ.

"ಅವತ್ತ ನಮ್ಮನ್ನ ಪುಂಡರು ಅಂದ್ರು. ಹದಿನೈದು ದಿನ ಊರಿಗಿ ಬರಲಿಲ್ಲ ನಾ. ನಿಮ್ಮಜ್ಜ ಮಾರಿ ನೋಡಲಿಲ್ಲ. ಈಗ ವರ್ಷಾ ಜುಲೈದಾಗ ಅಲ್ಲೇ ವೀರಗಲ್ಲಿಗಿ ಹಾರ ಹಾಕಾಕ ಎಲ್ಲಾ ಪಾರ್ಟಿಯವರೂ ಪಾಳಿ ಹಚ್ಚತಾರ."

"ನೀವು ಹೋಗೀರೇನ್ರಿ ಕಾಕಾ, ಹಾರ ಹಾಕಾಕ?"

"ನಾ ಯಾಕ ಹೋಗ್ಲಿ? ನಾ ಏನ್ ಮಾಡೀನಿ, ಹೆಸರಿನ ಹೊಲದಾಗ ಮಲಗಿದ್ದೆ."

ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಇನ್ನೊಂದು ಪ್ಲೇಟ್ ಭಜಿ ಹೇಳಿದೆ.

ವೇದಿಕೆ ಮೇಲೆ ಟಿ.ವಿ.ಯಲ್ಲಿ ಬರುವ ಹಾಡುಗಾರರು ಬಂದಿದ್ದರು. ಎಲ್‌ಇಡಿ ಪರದೆ, ಹೊಗೆ, ಬಣ್ಣದ ಲೈಟು. ಜನ ಕುಣಿದರು, ಕುಣಿಯಲಿ, ಹಬ್ಬ ಅಲ್ವಾ. ಪತ್ರಿಕೆಯಲ್ಲಿ ರಾತ್ರಿ ಒಂಬತ್ತಕ್ಕೆ ಅಂತ ಇದ್ದ ಗೀಗೀ ಪದದ ಸರದಿ ಬಂದಾಗ ಹನ್ನೆರಡೂವರೆ. ಕುರ್ಚಿಗಳು ಖಾಲಿ. ಮುಂದೆ ನಲವತ್ತು ಜನ ಇದ್ದಿರಬೇಕು, ಅದರಲ್ಲಿ ಅರ್ಧ ಕಂಬಳಿ ಹೊದ್ದ ಮುದುಕರು. ಉತ್ಸವದ ಸರಿಯಾದ ಹೊತ್ತು ಶುರುವಾಗಿದ್ದೇ ಆಗ, ನನ್ನ ಮಟ್ಟಿಗೆ.

ಆದರೆ ಪದ ಶುರುವಾಗಲಿಲ್ಲ. ಮೂರು ತಾಸು ವೇದಿಕೆ ಹಿಂದೆ ಇಬ್ಬನಿಗೆ ಕಾದು ಕೂತದ್ದಕ್ಕೆ ದಪ್ಪು ವಾದ್ಯದ ತೊಗಲು ಸಡಿಲಾಗಿತ್ತು. ಬಾರಿಸಿದರೆ ಒದ್ದೆ ಬಟ್ಟೆ ಒಗೆದ ಸದ್ದು. ಮೇಳದ ಹಿರಿಯ ಒಂದು ಮಾತೂ ಆಡದೆ ವೇದಿಕೆ ಇಳಿದು, ನಾವು ತಿಂದ ಅದೇ ಭಜಿ ಅಂಗಡಿಗೆ ಹೋದ. ಅಂಗಡಿಯವನು ಎಣ್ಣೆ ಬಾಣಲೆ ಇಳಿಸಿ ಒಲೆ ಬಿಟ್ಟುಕೊಟ್ಟ. ಹಿರಿಯ ದಪ್ಪನ್ನು ಉರಿಯಿಂದ ಒಂದು ಗೇಣು ಮೇಲೆ ಹಿಡಿದು, ರೊಟ್ಟಿ ತಿರುಗಿಸಿದ ಹಾಗೆ ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ಟಣ್ ಅನ್ನಿಸಿ ಕಿವಿಗೊಟ್ಟ. ನಾಲ್ಕನೇ ಸಲಕ್ಕೆ ಸದ್ದು ಏರಿತು. ಅಷ್ಟು ದೂರದಿಂದ, ವೇದಿಕೆ ಮೇಲೆ ಕೂತೇ, ತಂತಿವಾದ್ಯ ತುಂತುಣಿಯವನು ಶ್ರುತಿ ಸೇರಿಸಿದ.

ಡೋರಿ-ಬೆಣಚಿಯ ಭಾಗವನ್ನೇ ಹಾಡಿದರು. ಹಳ್ಳಕ್ಕೆ ಇಳಿಯುವ ಮುಂಚೆ ಕತ್ತಿಯನ್ನು ಜೊತೆಯವನ ಕೈಗೆ ಕೊಟ್ಟದ್ದು, ಹಿಡಿಯಲು ಬಂದಾಗ ಕತ್ತಿ ಕೊಡು ಅಂತ ಕೂಗಿದ್ದು, ಕತ್ತಿ ಬರದೇ ಹೋದದ್ದು. ಹಾಡುವವನು ಅಲ್ಲಿ ನಿಲ್ಲಿಸಿ ಕೈ ಚಾಚಿ ನಿಂತುಬಿಟ್ಟ. ದಪ್ಪು ನಿಂತಿತು. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಕೊಡೋ ಹಾಟ್ಯಾ!" ಅಂತ ಜೋರಾಗಿಯೇ ಬೈದಳು. ಯಾರಿಗೆ ಬೈದಳು, ಇನ್ನೂರು ವರ್ಷದ ಹಿಂದಿನವನಿಗೆ! ಕಾಕಾ ನನ್ನ ಮೊಣಕೈ ಹಿಡಿದಿದ್ದರು. ಪದ ಮುಗಿಯುವವರೆಗೂ ಬಿಡಲಿಲ್ಲ.

ಈ ಲಾವಣಿಗಳದ್ದೂ ಒಂದು ತಮಾಷೆ ಇದೆ. ರಾಯಣ್ಣನ ಮೇಲಿನ ಲಾವಣಿಯನ್ನು ಬರೆದುಕೊಂಡು, 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ಶಾಸನಗಳ ಸಂಶೋಧಕ ಅಂತ ನಾವು ಓದಿದ್ದೇವಲ್ಲ, ಅದೇ ಫ್ಲೀಟ್. ಅವನೂ ಬ್ರಿಟಿಷ್ ಸರಕಾರದ ಅಧಿಕಾರಿಯೇ. ಗಲ್ಲಿಗೆ ಹಾಕಿದ ಸರಕಾರದ ಮನುಷ್ಯನೇ ಅವನ ಪದವನ್ನು ಜೋಪಾನ ಮಾಡಿದ. ಹಲಗಲಿಯ ಲಾವಣಿ ಕಟ್ಟಿದವನಂತೂ ತನ್ನ ಹೆಸರೇ ಹೇಳಿಕೊಳ್ಳಲಿಲ್ಲ, ಗದಗ ಹತ್ತಿರದ ಕುರ್ತಕೋಟಿಯ ಕಲ್ಮೇಶನ ಅಂಕಿತ ಇಟ್ಟು ಸುಮ್ಮನಾದ. ಸರಕಾರದ ವಿರುದ್ಧ ಪದ ಕಟ್ಟುವವನಿಗೆ ಹೆಸರು ಇಲ್ಲದಿರೋದೇ ಕ್ಷೇಮ ಅನ್ನಿಸಿರಬೇಕು. ನಾವು ನೋಡಿ, ಹೆಸರಿನ ಒಂದು ಅಕ್ಷರಕ್ಕೆ ಎಂಟು ತಿಂಗಳಿಂದ ಅಲೆಯುತ್ತಿದ್ದೇವೆ.

ರಾತ್ರಿ ಅಲ್ಲೇ ಪರಿಚಯದವರ ಪಡಸಾಲೆಯಲ್ಲಿ ಮಲಗಿ, ಮರುದಿನ ಭೋಗಿಯ ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡು ವಾಪಸ್ ಬಂದೆವು.

ಸಂಕ್ರಾಂತಿ ಕಳೆದ ಮೇಲೆ ಎಂಟನೇ ಸಲ ಕಚೇರಿಗೆ. ಈ ಸಲ ಕೌಂಟರಿನಲ್ಲಿ ಹೊಸಬರು ಇದ್ದರು. ಕಾಗದ ಎಲ್ಲಾ ನೋಡಿ, "ಕಂಪ್ಯೂಟರಿಗೆ ಬರೋಕಿಂತ ಮೊದಲಿನ ಕೈಬರಹದ ಉತಾರ ಸಿಕ್ಕರ ಆಗ್ತದ ನೋಡ್ರಿ. ಅದರಾಗ 'ಯ' ಇತ್ತಂದ್ರ ಮುಗೀತು. ಇಲ್ಲಾಂದ್ರ ಕೋರ್ಟಿಗೇ ಹೋಗಬೇಕು" ಅಂದರು. ಅರ್ಧ ತಾಸಾದ ಮೇಲೆ ರಿಕಾರ್ಡ್ ರೂಮಿಗೆ ಕಳಿಸಿದರು.

ಆ ಕೋಣೆಯ ವಾಸನೆ ಹೇಗೆ ಹೇಳಲಿ. ಹಳೇ ಕಾಗದ, ಡಾಂಬರು ಗುಳಿಗೆ, ಇಲಿ. ನೆಲದಿಂದ ಮಾಡದವರೆಗೂ ಕಬ್ಬಿಣದ ರ್‍ಯಾಕು. ಅದರ ತುಂಬ ಕೆಂಪು ಅರಿವೆಯಲ್ಲಿ ಕಟ್ಟಿದ ದಫ್ತರಗಳು, ಪ್ರತಿ ಗಂಟಿಗೂ ಊರಿನ ಹೆಸರು ಬರೆದ ಚೀಟಿ. ನೋಡಿಕೊಳ್ಳುವವರು ನಮ್ಮ ಊರಿನ ಗಂಟು ಹುಡುಕಿ ಇಳಿಸಿದರು. ಮೇಜಿನ ಮೇಲಿಟ್ಟಾಗ ಎದ್ದ ಧೂಳಿಗೆ ಮೂವರೂ ಸೀನಿದೆವು. ಗಂಟು ಬಿಚ್ಚಿ, ಬೆರಳಿಗೆ ಉಗುಳು ಹಚ್ಚದೆ, ಅಂಚು ಹಿಡಿದು ಒಂದೊಂದೇ ಹಾಳೆ ಮಗುಚಿದರು. ಹಾಳೆಗಳು ಹಪ್ಪಳದಂತಾಗಿದ್ದವು.

ಸಿಕ್ಕಿತು. ನೀಲಿ ಮಸಿ, ಒಂದು ಕಡೆ ನೀರು ಬಿದ್ದು ಹರಡಿದೆ. ಅಜ್ಜನ ಹೆಸರು. ನಡುವಿನ ಅಕ್ಷರದ ಮುಂದೆ ಸಣ್ಣ ಸುರುಳಿ, ಬರೆದವರು ಅಲ್ಲಿ ಲೇಖನಿಯನ್ನು ಸ್ವಲ್ಪ ಒತ್ತಿದ್ದಾರೆ. ಅದು 'ಯ'ವೇ. ಕಾಕಾ ಹಾಳೆ ಮುಟ್ಟಲಿಲ್ಲ. ಅಕ್ಷರದ ಮೇಲೆ, ಒಂದು ಬೆರಳಿನಷ್ಟು ಮೇಲೆ, ಗಾಳಿಯಲ್ಲೇ ಬೆರಳು ಇಟ್ಟು ನಿಂತರು.

ನೋಡಿಕೊಳ್ಳುವವರು ನಕಲಿನ ಅರ್ಜಿ ತರಲು ಹೊರಗೆ ಹೊರಟರು. ಮೇಜಿನ ತುದಿಯಲ್ಲಿ ದೇವರ ಫೋಟೊ ಇತ್ತು. ಅದರ ಮುಂದೆ ಬೆಳಿಗ್ಗೆ ಹಚ್ಚಿದ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು, ಬೂದಿ ಬಾಗಿ ಬೀಳುವ ಹಾಗಿತ್ತು.

"ಏ ಸಾಹೇಬ್ರ, ನಿಲ್ಲರಿ," ಅಂದರು ಕಾಕಾ, ಎರಡೂ ಕೈಯನ್ನು ಹಾಳೆಯ ಮೇಲೆ ಕೊಡೆಯ ಹಾಗೆ ಹಿಡಿದು. "ಮೊದಲ ಆ ಕಡ್ಡಿ ಆ ಕಡಿ ಸರಸ್ರಿ. ಕಿಡಿ ಗಿಡಿ ಬಿದ್ದೀತು."